ಬಂದರಿನ ಕಾಗದಗಳು ಗುಜರಿಗೆ ಹೋಗುವ ಮುನ್ನ: ರಾಜ್ಯ ಪತ್ರಾಗಾರದ ನಿರ್ದೇಶಕರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ನಿರ್ದೇಶಕರು,
ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ,
ಬೆಂಗಳೂರು.

ಪ್ರತಿ: ಮಂಗಳೂರು ಹಳೆ ಬಂದರಿನ ವ್ಯಾಪಾರಿ ಮನೆತನಗಳಿಗೆ.

ವಿಷಯ: 1939ಕ್ಕೆ ಮುಂಚಿನ ಮಂಗಳೂರು ಬಂದರಿನ ವ್ಯಾಪಾರದ ಪತ್ರ ಮತ್ತು ಲೆಕ್ಕಪುಸ್ತಕಗಳನ್ನು ಉಳಿಸಿಕೊಳ್ಳುವ ಕುರಿತು.

ಮಾನ್ಯರೇ,

ಮಂಗಳೂರಿನ ಹಳೆ ಬಂದರು ಪ್ರದೇಶದಲ್ಲಿ ಒಂದು ಕಾಲದ ವ್ಯಾಪಾರದ ಪೂರ್ತಿ ಕಥೆ ಹೇಳಬಲ್ಲ ಕಾಗದಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಹಳೆಯ ಗೋದಾಮುಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಪಾಲುದಾರಿಕೆಯ ಹಳೆಯ ಸಂಸ್ಥೆಗಳು ಬಾಗಿಲು ಹಾಕುತ್ತಿವೆ. ಅಟ್ಟದ ಮೇಲಿದ್ದ ಪೆಟ್ಟಿಗೆಗಳನ್ನು ಇಳಿಸಿ, ಬಿಚ್ಚಿಯೂ ನೋಡದೆ ಸಾಗಿಸಲಾಗುತ್ತಿದೆ. ವಾಣಿಜ್ಯ ಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಇದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರಲು ಮನಸ್ಸು ಒಪ್ಪದೆ ತಮಗೆ ಬರೆಯುತ್ತಿದ್ದೇನೆ. ತಮ್ಮ ಇಲಾಖೆಯ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ಈ ಕೆಲಸಕ್ಕೆ ಬೇಕಾದ ಅಧಿಕಾರ, ಅನುಭವ ಎರಡೂ ಇರುವುದು ತಮ್ಮಲ್ಲಿ ಎಂಬ ನಂಬಿಕೆಯಿಂದ ಕೇಳುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಬಂದರಿನ ಒಂದು ಗೋದಾಮನ್ನು ಕೆಡಹುವ ಮೊದಲು ಖಾಲಿ ಮಾಡಿಸುತ್ತಿದ್ದರು. ಆ ಮನೆತನದ ಹೆಸರು ಇಲ್ಲಿ ಬೇಡ. ಅವರು ಸಜ್ಜನರು, ನನ್ನನ್ನು ತಡೆಯಲೂ ಇಲ್ಲ. ಅಂಗಳದಲ್ಲಿ ಗೋಣಿಗಳಿಗೆ ತುಂಬುತ್ತಿದ್ದ ರಾಶಿಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಕಿರ್ದಿಗಳಿದ್ದವು (ದಿನದಿನದ ಲೆಕ್ಕದ ಪುಸ್ತಕಗಳು), ಖಾತೆಗಳಿದ್ದವು, ದಾರದಲ್ಲಿ ಪೋಣಿಸಿದ ರಶೀದಿಗಳ ಕಟ್ಟುಗಳಿದ್ದವು. ಅದಕ್ಕಿಂತ ಅಮೂಲ್ಯವಾದದ್ದು ಕಾಪಿ ಪುಸ್ತಕಗಳು. ಕಾರ್ಬನ್ ಕಾಗದ ಬಳಕೆಗೆ ಬರುವ ಮೊದಲು, ಹೊರಗೆ ಕಳುಹಿಸುವ ಪ್ರತಿ ಪತ್ರವನ್ನೂ ಒದ್ದೆ ಮಾಡಿದ ತೆಳು ಹಾಳೆಗೆ ಒತ್ತಿ ಅದರ ಅಚ್ಚು ಉಳಿಸಿಕೊಳ್ಳುತ್ತಿದ್ದರು. ಹಾಳೆ ಈರುಳ್ಳಿಯ ಸಿಪ್ಪೆಯಷ್ಟು ತೆಳು, ಶಾಯಿ ನೇರಳೆ. ಒಂದು ಹನಿ ನೀರು ಬಿದ್ದರೆ ಸಾಲುಗಳೇ ಕರಗಿ ಹರಡುತ್ತವೆ. ಅಂಥ ಪುಸ್ತಕಗಳನ್ನು ಬಿಸಿಲಿಗೆ ಬಿಸುಟು, ಮೇಲೆ ಒಡೆದ ಹಂಚು ಹೇರಿದ್ದರು. ಮನೆಯ ಹಿರಿಯರೊಬ್ಬರು ಇವುಗಳಿಗೆ ಏನಾದರೂ ವ್ಯವಸ್ಥೆ ಇದೆಯೇ ಎಂದು ಒಂದು ಕಚೇರಿಯಲ್ಲಿ ವಿಚಾರಿಸಿದ್ದರಂತೆ. ಖಾಸಗಿ ಲೆಕ್ಕಗಳಿಗೆ ಬೆಲೆ ಇಲ್ಲ, ಸರ್ಕಾರದ ಮೊಹರು ಇರುವುದನ್ನಷ್ಟೇ ತನ್ನಿ ಎಂಬ ಉತ್ತರ ಬಂತಂತೆ. ಗುಜರಿಯವನ ತಕ್ಕಡಿ ಬರುವಷ್ಟರಲ್ಲಿ ಮನೆಯವರ ಒಪ್ಪಿಗೆಯಿಂದ ಕೈಗೆ ಸಿಕ್ಕಷ್ಟನ್ನು ನಾನು ತಂದೆ. ಸಿಗದೇ ಹೋದದ್ದು ಅದರ ಹಲವು ಪಾಲು.

ಆ ಉತ್ತರವೇ ನನ್ನ ಸಂಕಟದ ಮೂಲ. ಮೊಹರು ಇರುವ ಕಾಗದಗಳಿಗೆ ಈ ನಾಡಿನ ಹೊರಗೆ ಒಳ್ಳೆಯ ಮನೆಗಳೇ ಸಿಕ್ಕಿವೆ. 1956ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದರಿಂದ ಆ ಆಡಳಿತದ ಕಡತಗಳು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿವೆ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯದ ಪಾಲಾಯಿತು. ಆ ವಿಭಜನೆಯ ಹಿಂದೆ ಕಾರವಾರದ ಬಂದರು ಮತ್ತು ಹತ್ತಿ ವ್ಯಾಪಾರಿಗಳ ಒತ್ತಡವಿತ್ತು. ಕುಮಟಾದ ಮೂಲಕ ಹೋದ ಹತ್ತಿಗೆ ಇಂಗ್ಲೆಂಡಿನ ಪೇಟೆಯಲ್ಲಿ ಆ ಊರಿನ ಹೆಸರೇ ಅಂಟಿಕೊಂಡಿತ್ತು. 1880ರ ದಶಕದಲ್ಲಿ ಗೋವೆಯ ಮರ್ಮಗೋವೆ ಬಂದರಿಗೆ ರೈಲು ಬಂದ ಮೇಲೆ ಆ ವ್ಯಾಪಾರ ಅತ್ತ ಸರಿಯಿತು. ಅದರ ಸರ್ಕಾರಿ ಪತ್ರವ್ಯವಹಾರ ಮುಂಬೈಯಲ್ಲಿದೆ. ಬ್ರಿಟಿಷರ ಕಾಲದಲ್ಲಿ ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಲ್ಲಿ ಹಂಚಿನ ಕಾರ್ಖಾನೆಯನ್ನೂ ನಡೆಸಿದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಬರೆದ ಪತ್ರಗಳು, ವರದಿಗಳು, ಸಾವಿರಾರು ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಪ್ಪವಾಗಿ ಉಳಿದಿವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಸಂಗ್ರಹವೂ ನಮ್ಮ ಪುಣ್ಯಕ್ಕೆ ಉಳಿದುಕೊಂಡಿದೆ.

ಹೀಗಾಗಿ ಜೆಪ್ಪುವಿನ ಹಂಚಿನ ಕಾರ್ಖಾನೆಯ ಕಥೆ ನಮಗೆ ಚೆನ್ನಾಗಿ ಗೊತ್ತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಅದನ್ನು ಆರಂಭಿಸಿದ. ನೇತ್ರಾವತಿಯ ದಂಡೆಯ ಜೇಡಿಮಣ್ಣಿನಿಂದ ಮಾಡಿದ ಹಂಚು ಮುಂಬೈಗೆ, ಸಿಂಹಳಕ್ಕೆ, ಏಡನ್ನಿಗೆ, ಪೂರ್ವ ಆಫ್ರಿಕಕ್ಕೆ ಹೋಯಿತು. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಪ್ರಜೆಗಳಾದ ಮಿಷನರಿಗಳನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟರು; ಆಸ್ತಿ ಸರ್ಕಾರದ ಹತೋಟಿಗೆ ಹೋಗಿ, 1919ರ ಹೊತ್ತಿಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಇಷ್ಟನ್ನು ಯಾವ ವಿದ್ಯಾರ್ಥಿಯೂ ದಾಖಲೆ ಹಿಡಿದು ಬರೆಯಬಲ್ಲ. ಆದರೆ ಆ ಹಂಚನ್ನು ನದಿಯಲ್ಲಿ ತುಂಬಿಸಿಕೊಂಡು ಹೊರಟ ಮಂಜಿಯ (ಸರಕು ಸಾಗಿಸುವ ಹಾಯಿದೋಣಿಯ) ತಂಡೇಲ, ಅಂದರೆ ನಾವಿಕರ ಮುಖ್ಯಸ್ಥ, ಯಾರು? ಸಾವಿರ ಹಂಚಿಗೆ ಬಾಡಿಗೆ ಎಷ್ಟು, ಒಡೆದದ್ದಕ್ಕೆ ಯಾರು ಹೊಣೆ? ಕಾರ್ಖಾನೆಯಲ್ಲಿ ಮಣ್ಣು ಹೊತ್ತ, ಹಂಚು ಒಣಹಾಕಿದ ಹೆಂಗಸರಿಗೆ ಬಟವಾಡೆ ಹೇಗೆ ಆಗುತ್ತಿತ್ತು? ಯುದ್ಧ ಬಂದ ವರ್ಷ ಹಡಗು ಸಿಗದೆ ದಕ್ಕೆಯಲ್ಲಿ ಬಿದ್ದ ಸರಕಿನ ನಷ್ಟ ಯಾರ ತಲೆಗೆ ಬಿತ್ತು? ಇವಕ್ಕೆ ಬಾಸೆಲ್ಲಿನಿಂದಾಗಲಿ ಲಂಡನ್ನಿನಿಂದಾಗಲಿ ಪೂರ್ತಿ ಉತ್ತರ ಸಿಗಲಾರದು. ಅದು ಇಲ್ಲಿನ ದಲ್ಲಾಳಿಗಳ, ಮಂಡಿಯವರ, ದೋಣಿ ಮಾಲೀಕರ ಪುಸ್ತಕಗಳಲ್ಲಿ ಇತ್ತು, ಇನ್ನೂ ಅಲ್ಲಲ್ಲಿ ಇದೆ.

ಈ ಬಂದರಿನ ಸ್ವಭಾವವೇ ಅಂಥದ್ದು. 1970ರ ದಶಕದ ಮಧ್ಯದಲ್ಲಿ ಪಣಂಬೂರಿನ ಹೊಸ ಬಂದರು ತೆರೆಯುವವರೆಗೆ ದೊಡ್ಡ ಹಡಗು ಇಲ್ಲಿ ದಡಕ್ಕೆ ಬರುತ್ತಿರಲಿಲ್ಲ. ಹಡಗು ಹೊರಗಡಲಿನಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಮರಳದಿಣ್ಣೆಯನ್ನು ದಾಟಿಸಿ ಸರಕನ್ನು ಮುಟ್ಟಿಸುತ್ತಿದ್ದವು ದೋಣಿಗಳು. ಮುಂಗಾರು ಎದ್ದರೆ ಅದೂ ನಿಂತಿತು. ಮತ್ತೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡಿದ ಮೇಲೆಯೇ ದೋಣಿ ಇಳಿಯುತ್ತಿದ್ದದ್ದು. ಎಂದರೆ ವ್ಯಾಪಾರಿಯ ವರ್ಷ ಹಣಕಾಸಿನ ಕ್ಯಾಲೆಂಡರಿನ ಪ್ರಕಾರ ನಡೆಯದೆ ಕಡಲಿನ ಪ್ರಕಾರ ನಡೆಯುತ್ತಿತ್ತು. ನಾನು ಉಳಿಸಿಕೊಂಡ ಕಾಪಿ ಪುಸ್ತಕಗಳಲ್ಲಿ ಬೇಸಿಗೆಯ ಕೊನೆಯ ಪತ್ರಗಳೆಲ್ಲ ಒಂದೇ ಆತುರದಲ್ಲಿ ಬರೆದವು: ಮಳೆ ಹಿಡಿಯುವ ಮೊದಲು ಸರಕು ಹೊರಡಲಿ, ಹುಂಡಿ (ಹಣ ಸಂದಾಯಕ್ಕೆ ವ್ಯಾಪಾರಿಗಳು ಬರೆದುಕೊಡುತ್ತಿದ್ದ ಚೀಟಿ) ಬರಲಿ, ಬಾಕಿ ತೀರಲಿ. ಮಳೆಗಾಲದ ಪತ್ರಗಳಲ್ಲಿ ಆ ಅವಸರವಿಲ್ಲ. ಅವು ಉದ್ದ, ಮನೆಯ ಕ್ಷೇಮ ಸಮಾಚಾರಕ್ಕೂ ಅವುಗಳಲ್ಲಿ ಜಾಗವಿದೆ. ಮದರಾಸು ಪ್ರಾಂತ್ಯದ ಕಡಲ ವ್ಯಾಪಾರದ ಅಂಕಿಅಂಶಗಳನ್ನು ಸರ್ಕಾರ ವರ್ಷವರ್ಷವೂ ಅಚ್ಚು ಹಾಕಿಸುತ್ತಿತ್ತು. ಅದರಲ್ಲಿ ಎಷ್ಟು ಸರಕು ಹೋಯಿತು ಎಂಬುದಿದೆ. ಹೋಗಬೇಕೆಂದು ಜನ ಪಟ್ಟ ಪಾಡು ಈ ತೆಳು ಹಾಳೆಗಳಲ್ಲಿದೆ.

ಇಲ್ಲಿಗೆ ಬಂದು ಸೇರುತ್ತಿದ್ದುದರ ವೈವಿಧ್ಯವನ್ನು ತಾವು ಬಲ್ಲಿರಿ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಘಟ್ಟ ಇಳಿದು ಬಂದು ಇಲ್ಲಿನ ಸಂಸ್ಕರಣಾ ಘಟಕಗಳಲ್ಲಿ ಹದಗೊಂಡು ಯುರೋಪಿಗೆ ಹೋಗುತ್ತಿತ್ತು. ಕರಾವಳಿಯ ಅಕ್ಕಿ ಬೈಹುಲ್ಲಿನ ಮುಡಿ ಕಟ್ಟಿಕೊಂಡು ಮಲಬಾರಿಗೆ, ಅಡಿಕೆ ಗುಜರಾತಿನ ಕಡೆಗೆ, ಒಣಮೀನು ಕೊಲಂಬೊಗೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ದ್ವೀಪಗಳು ಆಗ ದಕ್ಷಿಣ ಕನ್ನಡದ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ತೆಂಗಿನ ನಾರಿನ ಹುರಿಯ ಏಕಸ್ವಾಮ್ಯ ಸರ್ಕಾರದ್ದು. ದ್ವೀಪದವರು ಹುರಿ ಹೊತ್ತು ಮಂಗಳೂರಿಗೆ ಬಂದು ಬದಲಿಗೆ ಅಕ್ಕಿ ಒಯ್ಯುತ್ತಿದ್ದರು. ಇಂದು ಲಕ್ಷದ್ವೀಪದ ಒಬ್ಬ ಹುಡುಗ ತನ್ನ ಮುತ್ತಜ್ಜ ಎಷ್ಟು ಹುರಿಗೆ ಎಷ್ಟು ಅಕ್ಕಿ ಪಡೆದ ಎಂದು ತಿಳಿಯಬೇಕಾದರೆ, ಆ ಹುಡುಕಾಟ ನಮ್ಮ ಬಂದರಿಗೇ ಬಂದು ಮುಟ್ಟುತ್ತದೆ. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಕಡಲ ದಾರಿ ಹಿಡಿಯುತ್ತಿದ್ದ ಯಾವ ಸರಕು ಹಳಿಯ ಮೇಲೆ ಹತ್ತಿತು, ಯಾವುದು ದೋಣಿಯಲ್ಲೇ ಉಳಿಯಿತು, ಯಾರ ಜೀವನ ಅದರಿಂದ ತಲೆಕೆಳಗಾಯಿತು ಎಂಬುದೂ ವ್ಯಾಪಾರಿಗಳ ಪುಸ್ತಕಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದರೆ ಮಾತ್ರ ತಿಳಿಯುತ್ತದೆ.

ಬ್ಯಾಂಕುಗಳ ಮಾತನ್ನೂ ಇಲ್ಲಿ ಹೇಳಲೇಬೇಕು. ಆಗ ಉಡುಪಿಯೂ ಸೇರಿದ್ದ ಈ ಪುಟ್ಟ ಜಿಲ್ಲೆ 1906ರ ಒಂದೇ ವರ್ಷದಲ್ಲಿ ಎರಡು ಬ್ಯಾಂಕುಗಳನ್ನು ಹುಟ್ಟುಹಾಕಿತು: ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡದ್ದು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ ಬ್ಯಾಂಕ್. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಇಂಥ ಬೆಳೆ ಈ ನೆಲದಲ್ಲೇ ಏಕೆ ಬಂತು ಎಂದು ವಿದ್ವಾಂಸರು ಬಹಳ ಕಾಲದಿಂದ ಚರ್ಚಿಸುತ್ತಿದ್ದಾರೆ. ಹುಂಡಿಯ ಮೇಲೆ, ಬಾಯಿಮಾತಿನ ಮೇಲೆ, ಪರಿಚಯದ ಮೇಲೆ ನಡೆದಿದ್ದ ಸಾಲವ್ಯವಹಾರ ಬ್ಯಾಂಕಿನ ಲೆಡ್ಜರಿಗೆ ಹೇಗೆ ಏರಿತು ಎಂಬುದಕ್ಕೆ ಪುರಾವೆ ಎರಡು ಕಡೆ ಸಿಗಬೇಕು: ಬ್ಯಾಂಕಿನ ಹಳೆಯ ಪುಸ್ತಕದಲ್ಲಿ, ಸಾಲ ಪಡೆದ ವ್ಯಾಪಾರಿಯ ಪುಸ್ತಕದಲ್ಲಿ. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದು ಮೆಚ್ಚತಕ್ಕ ಕೆಲಸ. ಉಳಿದ ಹಳೆಯ ಶಾಖೆಗಳ ಮೊದಲ ದಶಕಗಳ ಪುಸ್ತಕಗಳಿಗೆ ಈಗ ಯಾರು ಹೊಣೆ ಎಂಬುದನ್ನು ಜನರಿಗೆ ಸ್ಪಷ್ಟವಾಗಿ ತಿಳಿಸುವ ಕಾಲ ಬಂದಿದೆ.

ಮಾನ್ಯರೇ, ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಮೆಣಸು, ಅಡಿಕೆ, ಕಬ್ಬಿಣವನ್ನು ಏಡನ್ನಿಗೆ ಕಳುಹಿಸಿದ. ಅವನಿಗೆ ಏಡನ್ನಿನ ಪಾಲುದಾರರು ಬರೆದ ಪತ್ರಗಳು ಇಂದಿಗೂ ಉಳಿದಿವೆ. ಯಾವ ಹಡಗು ಮುಳುಗಿತು, ಯಾವ ಸರಕು ತೂಕದಲ್ಲಿ ಕಡಿಮೆ ಬಂತು, ಬೊಮ್ಮ ಎಂಬ ಅವನ ಆಳಿನ ಕೈಯಲ್ಲಿ ಏನು ಕೊಟ್ಟು ಕಳುಹಿಸಿದರು ಎಂಬುದೆಲ್ಲ ಅವುಗಳಲ್ಲಿದೆ. ಅವು ಉಳಿದದ್ದು ಹೇಗೆಂದರೆ, ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ನಾಶ ಮಾಡಬಾರದೆಂದು ಕೈರೋದ ಯಹೂದಿಗಳು ತಮ್ಮ ಪ್ರಾರ್ಥನಾ ಮಂದಿರದ ಒಂದು ಕೋಣೆಗೆ ಹಳೆಯ ಕಾಗದಗಳನ್ನೆಲ್ಲ ಹಾಕುತ್ತಾ ಬಂದಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದರ ಬಹುಪಾಲು ಕೇಂಬ್ರಿಜ್ ಸೇರಿತು. ಹೀಗೆ ಎಂಟುನೂರಕ್ಕೂ ಹೆಚ್ಚು ವರ್ಷ ಹಿಂದಿನ ಮಂಗಳೂರಿನ ವ್ಯಾಪಾರಿಯೊಬ್ಬನ ಪತ್ರ ನಾವು ಓದಬಹುದು. ನೂರು ವರ್ಷ ಹಿಂದಿನ ಬ್ಯಾರಿ, ಕೊಂಕಣಿ, ಗುಜರಾತಿ ವ್ಯಾಪಾರಿಯ ಪತ್ರ ನಮ್ಮ ಕಣ್ಣೆದುರೇ ರದ್ದಿಯಾಗುತ್ತಿದೆ. ಕಾಗದಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಸಿನ ಕುಂಕುಮ ಹಚ್ಚಿ ಪೂಜಿಸುವವರು ನಾವು. ಇದನ್ನು ನೆನೆದಾಗ ನನಗೆ ನಿಜವಾಗಿ ನಾಚಿಕೆಯಾಗುತ್ತದೆ.

ಮನೆತನಗಳ ಅಂಜಿಕೆಯನ್ನೂ ನಾನು ಕಂಡಿದ್ದೇನೆ, ಅದನ್ನು ಹಗುರವಾಗಿ ಕಾಣಬಾರದು. ಹಳೆಯ ಖಾತೆಯಲ್ಲಿ ಯಾರದೋ ತೀರದ ಸಾಲವಿರುತ್ತದೆ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಇನ್ನೂ ಕೋರ್ಟಿನಲ್ಲಿರುತ್ತದೆ. ಅಜ್ಜ ದಿವಾಳಿಯಾದ ಸಂಗತಿ ಮೊಮ್ಮಕ್ಕಳಿಗೆ ಗೊತ್ತಾಗುವುದು ಬೇಡವಾಗಿರುತ್ತದೆ. ತೆರಿಗೆಯವರು ಬರುತ್ತಾರೇನೋ ಎಂಬ ಆತಂಕವೂ ಇದೆ. ಹೀಗಾಗಿ ಕೊಡುವುದಕ್ಕಿಂತ ಸುಡುವುದು ಕ್ಷೇಮ ಎಂದುಕೊಳ್ಳುವವರು ಹಲವರು. ಮೂಲ ಪ್ರತಿಯ ಒಡೆತನ ಮನೆಯವರಲ್ಲೇ ಉಳಿಯುತ್ತದೆ, ಅವರು ಹೇಳಿದ ಭಾಗವನ್ನು ಹೇಳಿದಷ್ಟು ವರ್ಷ ಯಾರಿಗೂ ತೋರಿಸುವುದಿಲ್ಲ ಎಂಬ ಲಿಖಿತ ಭರವಸೆ ತಮ್ಮ ಇಲಾಖೆಯಿಂದ ಬಂದರೆ ಎಷ್ಟೋ ಬೀರುಗಳ ಬಾಗಿಲು ತೆರೆಯುತ್ತದೆ ಎಂದು ಆ ಮನೆಗಳ ಹಜಾರಗಳಲ್ಲಿ ಕುಳಿತು ಮಾತನಾಡಿದ ಅನುಭವದಿಂದ ಹೇಳುತ್ತೇನೆ.

ಆದ್ದರಿಂದ ನನ್ನ ಮೊದಲ ಕೋರಿಕೆ: ಹಳೆ ಬಂದರಿನಲ್ಲಿ ಮನೆಮನೆಗೆ, ಗೋದಾಮು ಗೋದಾಮಿಗೆ ಹೋಗಿ ಒಂದು ಸಮೀಕ್ಷೆ ನಡೆಯಲಿ. ವಶಪಡಿಸಿಕೊಳ್ಳುವ ಉದ್ದೇಶ ಬೇಡ. ಯಾರಲ್ಲಿ ಏನಿದೆ ಎಂಬ ಪಟ್ಟಿ ಮೊದಲು ಆಗಲಿ. ಬೋಳಾರ, ಬೊಕ್ಕಪಟ್ಣ, ಬೆಂಗ್ರೆಯ ದೋಣಿ ಮಾಲೀಕರ ಮನೆಗಳನ್ನೂ ಬಿಡಬಾರದು. ಪುಸ್ತಕ ಕಾಣದಿದ್ದ ಕಡೆ ವಯಸ್ಸಾದವರ ಮಾತನ್ನಾದರೂ ಧ್ವನಿಮುದ್ರಿಸಿಕೊಳ್ಳಲಿ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿರುವುದರಿಂದ ಅವುಗಳ ಹಾಜರಿ ಪುಸ್ತಕ, ಬಟವಾಡೆ ಪಟ್ಟಿಗಳಿಗೆ ಆದ್ಯತೆ ಸಿಗಲಿ. ದುಡಿದವರ ಹೆಸರು ಬರೆದಿಟ್ಟ ಕಾಗದ ಬೇರೆ ಯಾವುದೂ ಇರಲಿಕ್ಕಿಲ್ಲ.

ಎರಡನೆಯದಾಗಿ, ಕಟ್ಟಡ ಕೆಡಹುವ ಅನುಮತಿಗೂ ಕಾಗದಗಳಿಗೂ ಸಂಬಂಧ ಕಲ್ಪಿಸಬೇಕು. ಹಳೆ ಬಂದರು ಪ್ರದೇಶದಲ್ಲಿ ಹಳೆಯ ವ್ಯಾಪಾರಿ ಕಟ್ಟಡವನ್ನು ಕೆಡಹಲು ಅರ್ಜಿ ಬಂದಾಗ ಜಿಲ್ಲಾಡಳಿತ ಮತ್ತು ಪಾಲಿಕೆ ತಮಗೆ ಒಂದು ಸೂಚನೆ ಕಳುಹಿಸಲಿ. ತಮ್ಮವರೊಬ್ಬರು ಬಂದು ಒಳಗಿರುವುದನ್ನು ಒಮ್ಮೆ ನೋಡಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳು, ಕೇಂದ್ರದ ಸುಂಕದ ಕಚೇರಿಗಳ ವಿಚಾರದಲ್ಲಿ ಕಾನೂನು ಈಗಾಗಲೇ ಗಟ್ಟಿಯಾಗಿದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ 1892ಕ್ಕಿಂತ ಹಿಂದೆ ಸೃಷ್ಟಿಯಾದ ಯಾವ ದಾಖಲೆಯನ್ನೂ, ಅದು ಪತ್ರಾಗಾರದ ಯಾವ ಬಳಕೆಗೂ ಬಾರದಷ್ಟು ಹಾಳಾಗಿದೆ ಎಂದು ಪತ್ರಾಗಾರದ ಮುಖ್ಯಸ್ಥರು ಅಭಿಪ್ರಾಯಪಟ್ಟ ಹೊರತು, ನಾಶ ಮಾಡುವಂತಿಲ್ಲ. ನಿಯಮ ಮೀರಿ ನಾಶ ಮಾಡಿದರೆ ಐದು ವರ್ಷದವರೆಗೆ ಸೆರೆವಾಸಕ್ಕೂ ಅವಕಾಶವಿದೆ. ತಾವು ಭಾರತೀಯ ರಾಷ್ಟ್ರೀಯ ಪತ್ರಾಗಾರದೊಡನೆ ಮಾತನಾಡಿ, ಕರಾವಳಿಯ ಇಂಥ ಸಂಸ್ಥೆಗಳಲ್ಲಿ 1939ಕ್ಕೆ ಮುಂಚಿನ ಏನೇನು ಉಳಿದಿದೆ ಎಂಬ ಪಟ್ಟಿಯನ್ನು ಕೇಳಿ ಪಡೆಯಬೇಕೆಂದು ಬೇಡುತ್ತೇನೆ.

ಓದಬಲ್ಲವರಿಲ್ಲದೆ ಇದೆಲ್ಲವೂ ಮುಚ್ಚಿದ ಪುಸ್ತಕವಾಗಿಯೇ ಉಳಿಯುತ್ತದೆ. ನನ್ನಲ್ಲಿರುವ ಕಟ್ಟಿನಲ್ಲೇ ಕನ್ನಡವಿದೆ, ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿಯಿದೆ, ಗುಜರಾತಿಯಿದೆ, ಅರಬ್ಬಿ ಲಿಪಿಯ ಮಲಯಾಳವಿದೆ, ಗುಮಾಸ್ತರ ಇಂಗ್ಲಿಷ್ ಇದೆ. ತೂಕ ಖಂಡಿ, ಮಣಗಳಲ್ಲಿ, ಅಕ್ಕಿ ಮುಡಿಯಲ್ಲಿ, ಹಣ ರೂಪಾಯಿ, ಆಣೆ, ಪೈಗಳಲ್ಲಿ. ಖಂಡಿಯ ತೂಕ ಸರಕಿನಿಂದ ಸರಕಿಗೆ, ಊರಿನಿಂದ ಊರಿಗೆ ಬದಲಾಗುತ್ತಿತ್ತು. ಇದನ್ನೆಲ್ಲ ಬಾಯಲ್ಲೇ ಹೇಳಬಲ್ಲ ಹಿರಿಯ ಗುಮಾಸ್ತರು ಬಂದರಿನಲ್ಲಿ ಈಗ ಬೆರಳೆಣಿಕೆಯಷ್ಟು ಜನ. ಮಂಗಳೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ಅವರ ಪಕ್ಕದಲ್ಲಿ ಕೂರಿಸಿ ಕಲಿಸಲು ಇಲಾಖೆ ಒಂದು ಸಣ್ಣ ವೇತನವನ್ನು ಏರ್ಪಡಿಸಲಿ. ಅಳಿವಿನಂಚಿನಲ್ಲಿರುವ ಸಂಗ್ರಹಗಳ ಡಿಜಿಟಲೀಕರಣಕ್ಕೆ ಬ್ರಿಟಿಷ್ ಲೈಬ್ರರಿ 2004ರಿಂದ ಅನುದಾನ ನೀಡುತ್ತಾ ಬಂದಿದೆ. ಅದಕ್ಕೆ ಸ್ಥಳೀಯ ಕಾಲೇಜೊಂದರ ಜೊತೆ ಸೇರಿ ಅರ್ಜಿ ಹಾಕಬಹುದು. ಆದರೆ ಮೂಲ ಪ್ರತಿಗಳು ಮಂಗಳೂರಿನಲ್ಲೇ, ತೇವ ಮತ್ತು ಒರಲೆಯಿಂದ ಕಾಪಾಡಿದ ಕೊಠಡಿಯಲ್ಲಿ ಇರಬೇಕೆಂಬುದು ನನ್ನ ಹಟ. ಚೆನ್ನೈ, ಮುಂಬೈ, ಲಂಡನ್, ಬಾಸೆಲ್ ಎಂದು ಈ ಊರಿನ ಕಾಗದಗಳು ಅಲೆದದ್ದು ಸಾಕಾಗಿದೆ. ಆ ಊರುಗಳ ಸಂಗ್ರಹಗಳಲ್ಲಿ ನಮಗೆ ಸಂಬಂಧಿಸಿದವುಗಳ ಡಿಜಿಟಲ್ ಪ್ರತಿಯನ್ನೂ ಕೇಳಿ ತರಿಸಿ ಅದೇ ಕೊಠಡಿಯಲ್ಲಿ ಇಟ್ಟರೆ, ಕಲೆಕ್ಟರನ ವರದಿಯನ್ನೂ ಮಂಡಿಯವನ ಕಿರ್ದಿಯನ್ನೂ ಒಂದೇ ಮೇಜಿನ ಮೇಲೆ ಓದಬಹುದು.

ವ್ಯಾಪಾರಿ ಮನೆತನಗಳ ಹಿರಿಯರಿಗೂ ಒಂದು ಮಾತು. ನಿಮ್ಮ ಹಿರಿಯರು ಒಂದು ಪೈಯನ್ನೂ ಬಿಡದೆ ಬರೆದಿಟ್ಟರು. ದಯವಿಟ್ಟು ಗುಜರಿಯವನನ್ನು ಕರೆಯುವ ಮೊದಲು ಯಾರಾದರೂ ಓದು ಬಲ್ಲವರನ್ನು ಕರೆಯಿರಿ. ಕೊಡಲು ಇಷ್ಟವಿಲ್ಲದಿದ್ದರೆ ಬೇಡ. ನೆಲದಿಂದ ಮೇಲೆ, ಗೋಡೆಗೆ ತಾಗದಂತೆ, ಒಣಗಿದ ಕಡೆ ಇಡಿ. ಕಾಪಿ ಪುಸ್ತಕಗಳನ್ನು ಬಿಸಿಲಿಗೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ.

ಮಾನ್ಯ ನಿರ್ದೇಶಕರೇ, ಆ ಗೋದಾಮಿನಿಂದ ತಂದ ಪುಸ್ತಕಗಳು ನನ್ನ ಮನೆಯಲ್ಲಿವೆ. ಮನೆತನದವರ ಒಪ್ಪಿಗೆಯ ಪತ್ರವೂ ಇದೆ. ಅವನ್ನು ತಮ್ಮ ಇಲಾಖೆಗೆ ಒಪ್ಪಿಸಲು ಸಿದ್ಧನಿದ್ದೇನೆ; ಗುಜರಾತಿ ಓದಬಲ್ಲ ಒಬ್ಬರನ್ನೂ ಕೊಂಕಣಿ ಬಲ್ಲ ಒಬ್ಬರನ್ನೂ ನಾನೇ ಜೊತೆಗೆ ಕರೆತರುತ್ತೇನೆ. ಕರಾವಳಿಯ ಮಳೆಗಾಲದ ತೇವವನ್ನು ಆ ತೆಳು ಹಾಳೆಗಳು ಇನ್ನೊಮ್ಮೆ ತಾಳಿಕೊಳ್ಳುವ ಭರವಸೆ ನನಗಿಲ್ಲ. ಮೇ ತಿಂಗಳು ಮುಗಿಯುವ ಮೊದಲು ಇವುಗಳನ್ನು ಸ್ವೀಕರಿಸಿ ರಶೀದಿ ಕೊಡಬಲ್ಲ ಒಬ್ಬ ಅಧಿಕಾರಿಯನ್ನು ಮಂಗಳೂರಿಗೆ ಕಳುಹಿಸಿಕೊಡಿ ಎಂದು ಕೈಮುಗಿದು ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ವಾಣಿಜ್ಯ ಉಪನ್ಯಾಸಕ,
ಮಂಗಳೂರು.